ತೆಯ್ಯದ ಮುಡಿ ಕತ್ತರಿಸದ ಥೀಮ್ ಯಾವುದು?

ಪ್ರಶ್ನೆ: ಸರ್, ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಮದುವೆ, ಗೃಹಪ್ರವೇಶದ ಫೋಟೋ ತೆಗೆಯುವುದು ನನ್ನ ಕೆಲಸ. ಅದರ ಜೊತೆ ಕಳಿಯಾಟ (ನಮ್ಮ ಕಡೆ ತೆಯ್ಯ ಎಂಬ ದೈವದ ವೇಷ ಕಟ್ಟುವ ಉತ್ಸವ), ಯಕ್ಷಗಾನದ ಫೋಟೋಗಳನ್ನೂ ತೆಗೆಯುತ್ತೇನೆ. ಇಷ್ಟು ದಿನ ಎಲ್ಲ ಇನ್‌ಸ್ಟಾಗ್ರಾಂನಲ್ಲೇ ಇತ್ತು. ಈಗ ಸ್ವಂತ ಡೊಮೇನ್, ಹೋಸ್ಟಿಂಗ್ ತೆಗೆದುಕೊಂಡು ಸೈಟ್ ಕಟ್ಟುವ ವರ್ಡ್‌ಪ್ರೆಸ್ ಹಾಕಿದ್ದೇನೆ. ಸೈಟಿಗೆ ರೂಪ ಕೊಡುವ ಥೀಮುಗಳಲ್ಲಿ ಫೋಟೋಗ್ರಫಿಯ ಫ್ರೀ ಥೀಮ್ ಮೂರು ಬದಲಿಸಿ ನೋಡಿದೆ, ಯಾವುದೂ ಡೆಮೊದಲ್ಲಿ ಕಂಡ ಹಾಗೆ ಕಾಣುವುದಿಲ್ಲ. ತೆಯ್ಯದ ಫೋಟೋಗಳ ತಲೆಯೇ ಕಟ್ ಆಗುತ್ತದೆ. ಕನ್ನಡ ಅಕ್ಷರವೂ ಚೆಂದ ಬರುತ್ತಿಲ್ಲ, ಮೊಬೈಲಿನಲ್ಲಿ ತೆರೆಯಲು ತುಂಬ ಹೊತ್ತು ಬೇಕು. ಪರಿಚಯದವರೊಬ್ಬರು ದುಡ್ಡಿನ ಥೀಮನ್ನೇ ಫ್ರೀಯಾಗಿ ಕೊಡುತ್ತೇನೆ ಎಂದಿದ್ದಾರೆ, ಹಾಕಬಹುದಾ? ಕೆಳಗೆ ಬರುವ ಥೀಮಿನವರ ಹೆಸರು ತೆಗೆದರೆ ತಪ್ಪಾಗುತ್ತದಾ?

ಉತ್ತರ: ನೀವು ಕಳಿಸಿದ ಲಿಂಕ್ ತೆರೆದು ನೋಡಿದೆ. ಮೊದಲ ಸಾಲಿನಲ್ಲೇ ಒಂದು ತೆಯ್ಯದ ಫೋಟೋ. ಮುಖದ ಬರಹ ಉಂಟು, ಎದೆಯ ಆಭರಣ ಉಂಟು, ಸೊಂಟದ ಸುತ್ತ ತೆಂಗಿನ ಎಳೆ ಗರಿ ಉಂಟು. ತಲೆಯ ಮೇಲಿನ ಮುಡಿ ಇಲ್ಲ. ಹಣೆಯಿಂದ ನಾಲ್ಕು ಬೆರಳು ಮೇಲೆ ಫೋಟೋ ಮುಗಿದೇ ಹೋಗಿದೆ. ಅದರ ಮೇಲೆ ಒತ್ತಿದಾಗ ಪೂರ್ತಿ ಫೋಟೋ ಬಂತು, ಎಷ್ಟು ಚೆಂದದ ಫೋಟೋ ಅದು! ಪಂದದ, ಅಂದರೆ ದೀವಟಿಗೆಯ, ಬೆಳಕಿನಲ್ಲಿ ಮುಡಿಯ ತುದಿಯವರೆಗೂ ಕೆಂಪು ಹೊಳೆಯುತ್ತಿದೆ. ಮುಡಿ ಏರಿದ ಮೇಲೆಯೇ ಅಲ್ವಾ ವೇಷ ಕಟ್ಟಿದ ಕೋಲಧಾರಿ ದೈವವಾಗುವುದು. ಅದನ್ನೇ ಕತ್ತರಿಸಿ ತೋರಿಸಿದರೆ ನೋಡಿದವರಿಗೆ ಎಂತ ಸಿಕ್ಕಿತು? ಅದರ ಪಕ್ಕದ ಯಕ್ಷಗಾನದ ಬಣ್ಣದ ವೇಷಕ್ಕೂ ಹಾಗೇ ಆಗಿದೆ, ತಲೆಯ ಮೇಲಿನ ಕೇಸರಿ ತಟ್ಟಿ ಅರ್ಧ ಮಾತ್ರ. ನೋಡಿ ನನಗೆ ಸಂಕಟವೇ ಆಯಿತು. ಹಾಗಾಗಿ ಇದರಿಂದಲೇ ಶುರು ಮಾಡುತ್ತೇನೆ.

ಡೆಮೊ ಯಾಕೆ ಚೆಂದ ಕಾಣುತ್ತದೆ ಎಂದು ಒಮ್ಮೆ ನಿಧಾನಕ್ಕೆ ನೋಡಿ. ಅದರಲ್ಲಿರುವ ಫೋಟೋಗಳನ್ನು ಥೀಮ್ ಮಾಡಿದವರೇ ಆರಿಸಿರುತ್ತಾರೆ. ಹೆಚ್ಚಿನವು ಅಡ್ಡ ಫೋಟೋಗಳು, ಎಲ್ಲವೂ ಒಂದೇ ಅಳತೆಯವು. ಮಂಜು, ಬೆಟ್ಟ, ಬಿಳಿ ಗೋಡೆಯ ಮುಂದೆ ಒಬ್ಬರು. ಮುಖ ಯಾವಾಗಲೂ ನಡುವಿನಲ್ಲಿ, ಸುತ್ತ ಬೇಕಾದಷ್ಟು ಖಾಲಿ ಜಾಗ. ಅಂಥ ಫೋಟೋವನ್ನು ಚೌಕ ಮಾಡಿದರೂ ಸರಿ, ಪಟ್ಟಿ ಮಾಡಿದರೂ ಸರಿ, ಏನೂ ಹೋಗುವುದಿಲ್ಲ. ನಿಮ್ಮ ಫೋಟೋಗಳು ಹಾಗಿಲ್ಲ. ಕೆಲವು ತೆಯ್ಯಗಳ ಮುಡಿ ಆಳಿಗಿಂತ ಎತ್ತರ. ಮದುವೆ ಮಂಟಪದಲ್ಲಿ ಇಪ್ಪತ್ತು ಜನ ಒತ್ತಿಕೊಂಡು ನಿಂತಿರುತ್ತಾರೆ, ಅಂಚಿನಲ್ಲಿ ಅಜ್ಜಿ. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಕನ್ನಡಿ ಒಂದು ಮೂಲೆಗೆ, ಬಣ್ಣ ಹಚ್ಚುವ ಕೈ ಇನ್ನೊಂದು ಮೂಲೆಗೆ. ಮೂಲೆಗಳಲ್ಲಿಯೇ ವಿಷಯ ಇರುವ ಫೋಟೋಗಳಿವು. ಹಾಗಾಗಿ ಡೆಮೊ ನೋಡಿ ಥೀಮ್ ಆರಿಸುವುದನ್ನು ಬಿಟ್ಟುಬಿಡಿ. ನಿಮ್ಮ ಅತಿ ಎತ್ತರದ ಫೋಟೋ ಯಾವುದರಲ್ಲಿ ಪೂರ್ತಿ ಕಾಣುತ್ತದೋ ಅದೇ ನಿಮ್ಮ ಥೀಮ್. ನಾನು ಕುಂಬಳೆಯಲ್ಲಿ ಕೂತು ಫೋಟೋ ಸ್ಟುಡಿಯೋಗಳಿಗೆ ಸೈಟ್ ಮಾಡಿಕೊಡುವಾಗ ಮೊದಲು ಕೇಳುವುದೂ ಇದನ್ನೇ: ನಿಮ್ಮ ಹತ್ತಿರ ಇರುವ ಅತಿ ಉದ್ದದ ಫೋಟೋ ಕೊಡಿ, ಅತಿ ಅಗಲದ್ದು ಕೊಡಿ, ಅತಿ ಕತ್ತಲೆಯದ್ದು ಕೊಡಿ.

ಈಗ ಕತ್ತರಿ ಎಲ್ಲಿ ಬೀಳುತ್ತದೆ ನೋಡೋಣ. ಅದು ಎರಡು ಬೇರೆ ಜಾಗದಲ್ಲಿ ಬೀಳುತ್ತದೆ, ಎರಡನ್ನೂ ಬೇರೆ ಬೇರೆಯಾಗಿ ಸರಿ ಮಾಡಬೇಕು.

ಒಂದು, ಅಪ್‌ಲೋಡ್ ಮಾಡುವಾಗ. ನೀವು ಒಂದು ಫೋಟೋ ಹಾಕಿದರೆ ವರ್ಡ್‌ಪ್ರೆಸ್ ಅದರಿಂದ ಹಲವು ಅಳತೆಯ ಪ್ರತಿಗಳನ್ನು ಮಾಡಿಟ್ಟುಕೊಳ್ಳುತ್ತದೆ. ಅದರಲ್ಲಿ ಥಂಬ್‌ನೇಲ್ ಎಂಬುದು 150 ಪಿಕ್ಸೆಲ್‌ನ ಚೌಕ, ಅದನ್ನು ನಿಜವಾಗಿಯೂ ಕತ್ತರಿಸಿಯೇ ಮಾಡುವುದು. ಸೆಟ್ಟಿಂಗ್ಸ್ ಒಳಗೆ ಮೀಡಿಯಾ ಪುಟಕ್ಕೆ ಹೋದರೆ ಥಂಬ್‌ನೇಲನ್ನು ಸರಿಯಾದ ಅಳತೆಗೆ ಕ್ರಾಪ್ ಮಾಡು ಎಂಬ ಒಂದು ಟಿಕ್ ಇರುತ್ತದೆ. ಅದನ್ನು ತೆಗೆಯಿರಿ. ಅಳತೆಯನ್ನೂ 150ರಿಂದ 600ಕ್ಕೆ ಏರಿಸಿ. ಆದರೆ ಇದು ಇನ್ನು ಮುಂದೆ ಹಾಕುವ ಫೋಟೋಗಳಿಗೆ ಮಾತ್ರ. ಹಿಂದೆ ಹಾಕಿದವನ್ನು ಹೊಸದಾಗಿ ಮಾಡಿಸಲು ರಿಜನರೇಟ್ ಥಂಬ್‌ನೇಲ್ಸ್ ಎಂಬ ಫ್ರೀ ಪ್ಲಗಿನ್ (ಸೈಟಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಉಂಟು. ಒಮ್ಮೆ ಓಡಿಸಿ, ಕೆಲಸ ಮುಗಿದ ಮೇಲೆ ತೆಗೆದುಬಿಡಿ.

ಎರಡನೆಯದು, ತೋರಿಸುವಾಗ. ಇಲ್ಲಿ ಫೋಟೋ ಫೈಲ್ ಪೂರ್ತಿಯೇ ಇರುತ್ತದೆ, ಥೀಮ್ ಮಾತ್ರ ಅದನ್ನು ಒಂದು ಚೌಕಟ್ಟಿನೊಳಗೆ ತುಂಬಿಸಿ ಹೊರಗೆ ಉಳಿದದ್ದನ್ನು ಮರೆಮಾಡುತ್ತದೆ. ನಿಮ್ಮ ಸೈಟಿನಲ್ಲಿ ಆಗಿರುವುದು ಹೆಚ್ಚಾಗಿ ಇದೇ. ವರ್ಡ್‌ಪ್ರೆಸ್ಸಿನ ಗ್ಯಾಲರಿ ಬ್ಲಾಕ್ (ಪುಟ ಕಟ್ಟುವ ತುಂಡುಗಳನ್ನು ಬ್ಲಾಕ್ ಎನ್ನುತ್ತಾರೆ) ಕೂಡ ಮೊದಲಿನಿಂದ ಹೀಗೇ ಮಾಡುತ್ತದೆ. ಗ್ಯಾಲರಿಯನ್ನು ಆರಿಸಿ ಬಲಗಡೆ ನೋಡಿ, ಚಿತ್ರಗಳನ್ನು ಕ್ರಾಪ್ ಮಾಡಿ ಹೊಂದಿಸು ಎಂಬ ಸ್ವಿಚ್ ಆನ್ ಇರುತ್ತದೆ. ಅದನ್ನು ಆಫ್ ಮಾಡಿ. ಅಷ್ಟೇ, ಮುಡಿ ವಾಪಸ್ ಬರುತ್ತದೆ. ಆದರೆ ಆಗ ಇನ್ನೊಂದು ತೊಂದರೆ: ಉದ್ದ, ಅಡ್ಡ ಎಲ್ಲ ಸೇರಿ ಸಾಲು ಏರುಪೇರಾಗುತ್ತದೆ. ಅದಕ್ಕೆ ನಾನು ಮಾಡುವುದು ತುಂಬ ಸರಳ. ಉದ್ದದ ಫೋಟೋಗಳದ್ದೇ ಒಂದು ಗ್ಯಾಲರಿ, ಮೂರು ಕಾಲಂ. ಅಡ್ಡ ಫೋಟೋಗಳದ್ದು ಬೇರೆ ಗ್ಯಾಲರಿ, ಎರಡು ಕಾಲಂ. ಒಂದರ ಕೆಳಗೆ ಒಂದು. ಮೊಬೈಲಿನಲ್ಲಿ ಗ್ಯಾಲರಿ ಎರಡೆರಡಾಗಿ ಬರುವುದರಿಂದ ಅಡ್ಡ ಫೋಟೋ ಬೆಂಕಿಪೊಟ್ಟಣದಷ್ಟೇ ಕಾಣುತ್ತದೆ. ಹಾಗಾಗಿ ಮುಖ್ಯವಾದ ಅಡ್ಡ ಫೋಟೋಗಳನ್ನು ಗ್ಯಾಲರಿಗೆ ಸೇರಿಸದೆ ಒಂದೊಂದಾಗಿ ಇಮೇಜ್ ಬ್ಲಾಕಿನಲ್ಲಿ ಹಾಕಿ. 2023ರ ಕೊನೆಗೆ ಬಂದ ವರ್ಡ್‌ಪ್ರೆಸ್ 6.4ರಿಂದ ಇಮೇಜ್ ಬ್ಲಾಕಿಗೆ ಒತ್ತಿದರೆ ದೊಡ್ಡದಾಗುವ ಸೌಲಭ್ಯ ಅದರಲ್ಲೇ ಉಂಟು, ಅದಕ್ಕಾಗಿ ಪ್ಲಗಿನ್ ಬೇಡ.

ಆಲ್ಬಂ ಪಟ್ಟಿಯಲ್ಲಿ ಬರುವ ಮುಖಚಿತ್ರಕ್ಕೂ ಅಳತೆ ಆರಿಸುವ ಜಾಗ ಇರುತ್ತದೆ, ಅಲ್ಲಿ ಚೌಕ ಬಿಟ್ಟು ಒರಿಜಿನಲ್ ಎಂದು ಕೊಡಿ. ಪುಟದ ಅಗಲಕ್ಕೆ ದೊಡ್ಡ ಚಿತ್ರ ಹಾಕುವ ಕವರ್ ಬ್ಲಾಕಿನಲ್ಲಿ ಮಾತ್ರ ಕತ್ತರಿಸುವುದು ತಪ್ಪುವುದಿಲ್ಲ. ಅಲ್ಲಿ ಫೋಕಲ್ ಪಾಯಿಂಟ್ ಎಂಬ ಸಣ್ಣ ಚುಕ್ಕೆ ಇರುತ್ತದೆ, ಅದನ್ನು ಎಳೆದು ಮುಖದ ಮೇಲೆ ಇಟ್ಟರೆ ಪರದೆ ಎಷ್ಟೇ ಚಿಕ್ಕದಾದರೂ ಮುಖ ಉಳಿಯುತ್ತದೆ. ತೆಯ್ಯದ ಫೋಟೋವನ್ನು ಕವರಿಗೆ ಹಾಕಲೇಬೇಡಿ. ಬೇಕಲ ಕೋಟೆಯ ಸಮುದ್ರ, ಅನಂತಪುರದ ಕೆರೆ, ಮಳೆಗಾಲದ ಅಡಿಕೆ ತೋಟ ಇಂಥವು ಕವರಿಗೆ ಸರಿ, ಮೇಲೆ ಕೆಳಗೆ ಸ್ವಲ್ಪ ಹೋದರೂ ನಷ್ಟವಿಲ್ಲ.

ಇಷ್ಟು ತಿಳಿದ ಮೇಲೆ ಥೀಮ್ ಪರೀಕ್ಷೆ. 20 ಫೋಟೋ ಆರಿಸಿಕೊಳ್ಳಿ. ಒಳ್ಳೆಯವು ಎಂದು ಆರಿಸಬೇಡಿ, ತೊಂದರೆ ಕೊಡುವಂಥವನ್ನೇ ಆರಿಸಿ. ಎತ್ತರದ ಮುಡಿಯದ್ದು ನಾಲ್ಕು, ರಾತ್ರಿಯ ರಂಗಸ್ಥಳದ್ದು ನಾಲ್ಕು, ಗುಂಪು ಫೋಟೋ ಎರಡು, ಬಿಳಿ ಸೀರೆ ಬಿಳಿ ಪಂಚೆ ಇರುವ ಹಗಲಿನ ಮದುವೆ ಎರಡು, ಕಪ್ಪು ಬಿಳುಪು ಒಂದೆರಡು, ಹೀಗೆ. ಪ್ರತಿ ಥೀಮಿಗೂ ಇವೇ 20. ಇದನ್ನು ನಿಮ್ಮ ನಿಜ ಸೈಟಿನಲ್ಲಿ ಮಾಡಬೇಡಿ, ಯಾರಾದರೂ ಅದೇ ಹೊತ್ತಿಗೆ ತೆರೆದು ನೋಡಿಯಾರು. ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಎಂಬುದು ಬ್ರೌಸರಿನೊಳಗೇ ಓಡುತ್ತದೆ, ಹೋಸ್ಟಿಂಗ್ ಬೇಡ, ಲಾಗಿನ್ ಬೇಡ. ಲ್ಯಾಪ್‌ಟಾಪಿನಲ್ಲೇ ಸೈಟ್ ಕಟ್ಟಿ ನೋಡಲು ಲೋಕಲ್ ಎಂಬ ಫ್ರೀ ಆ್ಯಪ್ ಕೂಡ ಉಂಟು. ನೆಟ್‌ವರ್ಕ್ ಸಿಗದ ಕಡೆ ಇದೇ ಅನುಕೂಲ, ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಯಾವ ಥೀಮ್ ಎಂದು ಹೆಸರು ಕೇಳಿದರೆ ನಾನು ಹೇಳುವುದು ಟ್ವೆಂಟಿ ಟ್ವೆಂಟಿ-ಫೈವ್. ವರ್ಡ್‌ಪ್ರೆಸ್ಸಿನವರದ್ದೇ ಥೀಮ್, 2024ರ ನವೆಂಬರಿನಲ್ಲಿ ಬಂತು, ನಿಮ್ಮ ಸೈಟಿನಲ್ಲಿ ಆಗಲೇ ಕೂತಿರಬಹುದು. ಇದನ್ನು ಹೇಳಿದಾಗ ಜನ ಮುಖ ಸಣ್ಣ ಮಾಡುತ್ತಾರೆ, ಹಾಕಿದ ತಕ್ಷಣ ಬೋಳು ಬೋಳಾಗಿ ಕಾಣುತ್ತದೆ ಎಂದು. ಅದು ಬೋಳಾಗಿರುವುದೇ ನಿಮಗೆ ಲಾಭ. ಫೋಟೋದ ಜೊತೆ ಜಗಳಕ್ಕೆ ನಿಲ್ಲುವ ಅಲಂಕಾರ ಅದರಲ್ಲಿಲ್ಲ. ಫೋಟೋ ಬ್ಲಾಗಿಗೆಂದೇ ಮಾಡಿದ ಟೆಂಪ್ಲೇಟುಗಳು, ಅಂದರೆ ಪುಟದ ಅಚ್ಚುಗಳು, ಅದರೊಳಗೇ ಉಂಟು. ಅದಕ್ಕಿಂತ ಹಿಂದಿನ ಟ್ವೆಂಟಿ ಟ್ವೆಂಟಿ-ಫೋರ್‌ನಲ್ಲೂ ಫೋಟೋಗ್ರಾಫರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪುಟಗಳಿವೆ, ಅದನ್ನೂ ನೋಡಿ. ಎರಡೂ ಬ್ಲಾಕ್ ಥೀಮುಗಳು. ಹಾಗೆಂದರೆ ತಲೆಬರಹದಿಂದ ಅಡಿಬರಹದ ತನಕ ಎಲ್ಲವನ್ನೂ ನೀವೇ ಎಡಿಟರಿನಲ್ಲಿ ಎಳೆದು, ಅಳಿಸಿ, ಜೋಡಿಸಬಹುದು. ಇದು ಪ್ರೋ ಆವೃತ್ತಿಯಲ್ಲಿ ಮಾತ್ರ ಎಂದು ಬೀಗ ಹಾಕಿದ ಜಾಗ ಒಂದೂ ಇಲ್ಲ. ಕೇಡೆನ್ಸ್, ಬ್ಲಾಕ್ಸಿ, ಜನರೇಟ್‌ಪ್ರೆಸ್ ಕೂಡ ಒಳ್ಳೆಯ, ಹಗುರವಾದ ಥೀಮುಗಳೇ. ಕಸ್ಟಮೈಸರ್ ಎಂಬ ಹಳೆಯ ಸೆಟ್ಟಿಂಗ್ ಪರದೆಯ ಅಭ್ಯಾಸ ಇರುವವರಿಗೆ ಅವು ಸುಲಭ. ಆದರೆ ಅವುಗಳಲ್ಲಿ ಕೆಲವು ಸೌಲಭ್ಯ ದುಡ್ಡು ಕೊಟ್ಟವರಿಗೆ ಮಾತ್ರ.

ಬೇರೆ ಯಾವುದೋ ಇಷ್ಟವಾದರೆ ಬೇಡ ಎನ್ನುವುದಿಲ್ಲ. ವರ್ಡ್‌ಪ್ರೆಸ್ಸಿನ ಅಧಿಕೃತ ಥೀಮ್ ಡೈರೆಕ್ಟರಿಯಿಂದಲೇ ತೆಗೆದುಕೊಳ್ಳಿ. ಕೊನೆಯ ಅಪ್‌ಡೇಟ್ ಯಾವಾಗ ಎಂದು ನೋಡಿ, ಎರಡು ವರ್ಷ ಮುಟ್ಟದೆ ಬಿಟ್ಟದ್ದಾದರೆ ಡೈರೆಕ್ಟರಿಯೇ ಎಚ್ಚರಿಕೆ ಹಾಕಿರುತ್ತದೆ. ಸಪೋರ್ಟ್ ವಿಭಾಗದಲ್ಲಿ ಜನ ಕೇಳಿದ್ದಕ್ಕೆ ಯಾರಾದರೂ ಉತ್ತರ ಕೊಟ್ಟಿದ್ದಾರಾ ಎಂದೂ ನೋಡಿ. ನಕ್ಷತ್ರ ಎಷ್ಟು ಎಂಬುದಕ್ಕಿಂತ ನಾನು ಇದನ್ನೇ ಜಾಸ್ತಿ ನಂಬುತ್ತೇನೆ.

ನಿಮ್ಮ ಪರಿಚಯದವರು ಕೊಡುತ್ತೇನೆ ಎಂದ ದುಡ್ಡಿನ ಥೀಮ್ ಬಗ್ಗೆ: ಹಾಕಬೇಡಿ ಮಾರಾಯ್ರೇ. ದಯವಿಟ್ಟು ಹಾಕಬೇಡಿ. ಅವರು ಕೆಟ್ಟ ಮನಸ್ಸಿನಿಂದ ಕೊಡುತ್ತಿದ್ದಾರೆ ಎಂದಲ್ಲ, ಅವರಿಗೂ ಯಾರೋ ಕೊಟ್ಟಿರುತ್ತಾರೆ. ಇಂಥ ಫೈಲುಗಳ ಒಳಗೆ ಯಾರು ಏನು ಸೇರಿಸಿದ್ದಾರೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ನನಗೆ ಗೊತ್ತಿರುವ ಒಂದು ಸ್ಟುಡಿಯೋದವರು ಹೀಗೇ ಹಾಕಿಕೊಂಡಿದ್ದರು. ಅವರ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಗೂಗಲ್‌ನಲ್ಲಿ ಹುಡುಕಿ ಮೊಬೈಲಿನಿಂದ ಬಂದವರಿಗೆ ಮಾತ್ರ ಜೂಜಿನ ಸೈಟ್ ತೆರೆಯುತ್ತಿತ್ತು. ಲಾಗಿನ್ ಆದ ಮಾಲೀಕರಿಗೆ ಕಾಣದ ಹಾಗೆ ಅಡಗಿಕೊಳ್ಳುವುದೇ ಅದರ ಉಪಾಯ. ದುಬೈಯಲ್ಲಿರುವ ಸಂಬಂಧಿಕರೊಬ್ಬರು ಫೋನ್ ಮಾಡಿ ನಿಮ್ಮ ಸೈಟಿನಲ್ಲಿ ಇದೆಂತ ಎಂದು ಕೇಳಿದ ಮೇಲೆಯೇ ಅವರಿಗೆ ಗೊತ್ತಾದದ್ದು. ಅಷ್ಟರಲ್ಲಿ ಎಷ್ಟು ಮದುವೆ ಮನೆಯವರು ನೋಡಿ ಸುಮ್ನೆ ಹಿಂದೆ ಹೋಗಿದ್ದಾರೋ. ಆ ಸೈಟನ್ನು ಶುಚಿ ಮಾಡುವುದಕ್ಕಿಂತ ಹೊಸದಾಗಿ ಕಟ್ಟುವುದೇ ಬೇಗ ಆಯಿತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆರಿಸುವಾಗ ಯಾರೂ ಇದನ್ನು ಯೋಚಿಸುವುದಿಲ್ಲ. ಹೊರಗೆ ಸಿಗುವ ಕೆಲವು ಫೋಟೋಗ್ರಫಿ ಥೀಮುಗಳು ತಮ್ಮದೇ ಪೋರ್ಟ್‌ಫೋಲಿಯೋ ವಿಭಾಗ, ತಮ್ಮದೇ ಗ್ಯಾಲರಿ ಕೋಡ್ ಕೊಡುತ್ತವೆ. ನೋಡಲು ತುಂಬ ಅನುಕೂಲ. ಎರಡು ವರ್ಷ ಬಿಟ್ಟು ಥೀಮ್ ಬದಲಿಸಿದ ದಿನ ಆಲ್ಬಂಗಳೆಲ್ಲ ಮೆನುವಿನಿಂದ ಕಾಣೆ, ಪುಟದಲ್ಲಿ ಗ್ಯಾಲರಿ ಇದ್ದ ಕಡೆ ಚೌಕ ಕಂಸದೊಳಗಿನ ಅರ್ಥವಾಗದ ಅಕ್ಷರಗಳು. ಅದಕ್ಕೇ ಆಲ್ಬಂಗಳನ್ನು ಯಾವಾಗಲೂ ವರ್ಡ್‌ಪ್ರೆಸ್ಸಿನ ಮಾಮೂಲಿ ಪೋಸ್ಟ್, ಮಾಮೂಲಿ ಗ್ಯಾಲರಿ ಬ್ಲಾಕಿನಲ್ಲೇ ಮಾಡಿ. ಕಳಿಯಾಟ, ಯಕ್ಷಗಾನ, ಮದುವೆ, ಊರು ಎಂದು ನಾಲ್ಕು ವರ್ಗ ಮಾಡಿದರೆ ಸಾಕು. ಅಂಗಿ ಬದಲಿಸಿದರೂ ಮೈ ಅದೇ ಇರಬೇಕು.

ಈಗ ಬಣ್ಣಕ್ಕೆ ಬರೋಣ. ನಿಮ್ಮ ಈಗಿನ ಥೀಮಿನಲ್ಲಿ ಬಟನ್, ಗೆರೆ, ಮೆನು ಎಲ್ಲ ಕೆಂಪು. ತೆಯ್ಯದ ಕೆಂಪು ಪಕ್ಕದಲ್ಲಿ ಆ ಕೆಂಪು ಇಟ್ಟು ನೋಡಿ. ಫೋಟೋದಲ್ಲಿರುವುದು ಬೆಂಕಿಯ ಬೆಳಕು ಬಿದ್ದ ಕೆಂಪು, ಸ್ವಲ್ಪ ಕಿತ್ತಳೆಗೆ ತಿರುಗಿದ್ದು. ಬಟನ್ನಿನದ್ದು ಪ್ಲಾಸ್ಟಿಕ್ ಕೆಂಪು. ಕಣ್ಣು ಮೊದಲು ಬಟನ್ನಿಗೆ ಹೋಗುತ್ತದೆ, ಆಮೇಲೆ ನೋಡಿದರೆ ಫೋಟೋದ ಕೆಂಪು ಮಂಕಾಗಿ ಕಾಣುತ್ತದೆ. ಫೋಟೋಗ್ರಾಫರ ಸೈಟಿನಲ್ಲಿ ಬಣ್ಣ ಫೋಟೋದಲ್ಲಿ ಮಾತ್ರ ಇರಲಿ. ಹಿನ್ನೆಲೆ, ಅಕ್ಷರ, ಬಟನ್ ಎಲ್ಲ ಕಪ್ಪು, ಬಿಳಿ, ಬೂದುಗಳಲ್ಲೇ ಮುಗಿಯಲಿ. ನಿಮ್ಮದರಲ್ಲಿ ರಾತ್ರಿಯ ಫೋಟೋಗಳೇ ಜಾಸ್ತಿ ಇರುವುದರಿಂದ ಕಳಿಯಾಟ, ಯಕ್ಷಗಾನದ ಪುಟಗಳಿಗೆ ಗಾಢ ಹಿನ್ನೆಲೆ ಹೊಂದುತ್ತದೆ. ಆದರೆ ಪೂರ್ತಿ ಕಪ್ಪು ಕೊಡಬೇಡಿ, ಫೋಟೋದ ಕತ್ತಲೆ ಎಲ್ಲಿ ಮುಗಿಯಿತು, ಪುಟ ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಕಪ್ಪಿಗಿಂತ ಒಂದು ಮೆಟ್ಟಿಲು ಮೇಲಿನ ಬೂದು ಸಾಕು. ಮದುವೆಯ ಪುಟಗಳಿಗೆ ಬಿಳಿಯೇ ಸರಿ, ಅದೂ ಕಣ್ಣು ಕುಕ್ಕದ ಸ್ವಲ್ಪ ಮಾಸಲು ಬಿಳಿ. ಬ್ಲಾಕ್ ಥೀಮಿನಲ್ಲಿ ಎರಡು ಟೆಂಪ್ಲೇಟ್ ಮಾಡಿಟ್ಟುಕೊಂಡರೆ ಪ್ರತಿ ಆಲ್ಬಮಿಗೆ ಯಾವುದು ಬೇಕೋ ಅದನ್ನು ಆರಿಸಬಹುದು.

ಕನ್ನಡ ಅಕ್ಷರದ ಸಮಸ್ಯೆ ನಿಮ್ಮೊಬ್ಬರದ್ದಲ್ಲ. ಹೆಚ್ಚಿನ ಥೀಮುಗಳ ಜೊತೆ ಬರುವ ಫಾಂಟುಗಳಲ್ಲಿ ಕನ್ನಡವೇ ಇಲ್ಲ. ಟ್ವೆಂಟಿ ಟ್ವೆಂಟಿ-ಫೈವ್‌ನ ಮುಖ್ಯ ಫಾಂಟ್ ಮ್ಯಾನ್‌ರೋಪ್, ಅದರಲ್ಲೂ ಇಲ್ಲ. ಆಗ ಫೋನು ತನ್ನ ಹತ್ತಿರ ಇದ್ದ ಯಾವುದೋ ಕನ್ನಡ ಫಾಂಟನ್ನು ತಂದು ಹಾಕುತ್ತದೆ. ಇಂಗ್ಲಿಷ್ ಒಂದು ದಪ್ಪ, ಕನ್ನಡ ಇನ್ನೊಂದು ದಪ್ಪ, ಒಂದೊಂದು ಫೋನಿನಲ್ಲಿ ಒಂದೊಂದು ರೀತಿ. ಇದಕ್ಕೆ ನಮ್ಮ ಜಿಲ್ಲೆಯವರಿಗೆಂದೇ ಮಾಡಿದ ಹಾಗಿರುವ ಒಂದು ದಾರಿ ಉಂಟು. ಗೂಗಲ್ ಫಾಂಟ್ಸ್‌ನಲ್ಲಿ ಅನೇಕ್ ಎಂಬ ಫಾಂಟ್ ಕುಟುಂಬ ಫ್ರೀಯಾಗಿ ಸಿಗುತ್ತದೆ. ಅನೇಕ್ ಕನ್ನಡ, ಅನೇಕ್ ಮಲಯಾಳಂ, ಅನೇಕ್ ಲ್ಯಾಟಿನ್, ಮೂರೂ ಒಂದೇ ಕೈಯಿಂದ ಬಂದ ಹಾಗೆ ಜೊತೆಯಾಗಿ ಕೂರುತ್ತವೆ. ಕಾಸರಗೋಡಿನ ಫೋಟೋಗ್ರಾಫರಿಗೆ ಮೂರು ಲಿಪಿಯೂ ಬೇಕಲ್ವಾ. ಸ್ವಲ್ಪ ಹಳೆಯ ಪುಸ್ತಕದ ಕಳೆ ಬೇಕಾದರೆ ಶೀರ್ಷಿಕೆಗೆ ಮಾತ್ರ ತಿರೋ ಕನ್ನಡ ಇಟ್ಟು ನೋಡಿ, ನಿಮ್ಮ ತೆಯ್ಯದ ಫೋಟೋಗಳಿಗೆ ಅದು ಚೆಂದ ಹೊಂದೀತು. 2024ರ ಏಪ್ರಿಲಿನಲ್ಲಿ ಬಂದ ವರ್ಡ್‌ಪ್ರೆಸ್ 6.5ರಿಂದ ಬ್ಲಾಕ್ ಥೀಮುಗಳಿಗೆ ಫಾಂಟ್ ಲೈಬ್ರರಿ ಬಂದಿದೆ. ಎಡಿಟರ್ ಒಳಗೆ ಸ್ಟೈಲ್ಸ್, ಅದರೊಳಗೆ ಟೈಪೋಗ್ರಫಿ, ಅಲ್ಲಿಂದಲೇ ಹುಡುಕಿ ಹಾಕಿಕೊಳ್ಳಬಹುದು. ಸಾದಾ ಒಂದು, ದಪ್ಪ ಒಂದು ಸಾಕು. ಎಲ್ಲ ದಪ್ಪಗಳನ್ನೂ ಟಿಕ್ ಮಾಡಿದರೆ ಸುಮ್ನೆ ಪುಟದ ಭಾರ ಏರುತ್ತದೆ.

ಫಾಂಟ್ ಬದಲಿಸಿದ ಮೇಲೂ ಎರಡು ಕೆಲಸ ಬಾಕಿ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ನೋಡಿ ಇಟ್ಟಿರುತ್ತಾರೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏರುತ್ತದೆ, ಎರಡೂ ಒಂದಕ್ಕೊಂದು ತಾಗುತ್ತವೆ. ನಿಮ್ಮ ಸೈಟಿನಲ್ಲಿ ‘ವಿಷ್ಣುಮೂರ್ತಿ ಒತ್ತೆಕೋಲ’ ಎಂಬ ಶೀರ್ಷಿಕೆ ಮೊಬೈಲಿನಲ್ಲಿ ಎರಡು ಸಾಲಾದಾಗ ‘ಷ್ಣು’ವಿನ ಒತ್ತು ಕೆಳಗಿನ ಪದದ ತಲೆಗೆ ಅಂಟಿಕೊಂಡಿದೆ, ನೋಡಿ. ಲೈನ್ ಹೈಟ್ ಬರಹಕ್ಕೆ 1.7, ಶೀರ್ಷಿಕೆಗೆ 1.4 ಇಟ್ಟರೆ ಸರಿಹೋಗುತ್ತದೆ. ಇನ್ನೊಂದು, ಮೆನುವಿನ ಅಕ್ಷರಗಳನ್ನು ದೂರ ದೂರ ಇಡುವ ಲೆಟರ್ ಸ್ಪೇಸಿಂಗ್. ಇಂಗ್ಲಿಷಿನ ದೊಡ್ಡ ಅಕ್ಷರಕ್ಕೆ ಅದು ಚೆಂದ, ಕನ್ನಡದಲ್ಲಿ ಪದವೇ ಬಿಡಿ ಬಿಡಿಯಾಗಿ ಓದಲು ತಡೆಯುತ್ತದೆ. ಅದನ್ನು ಸೊನ್ನೆ ಮಾಡಿ.

ಪುಟದ ಹೆಸರು ಕನ್ನಡದಲ್ಲೇ ಇರಲಿ, ಆದರೆ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ. ಕನ್ನಡದ ವಿಳಾಸವನ್ನು ವಾಟ್ಸಾಪಿಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದದ ಬಾಲವಾಗಿಬಿಡುವುದು ಸಾಮಾನ್ಯ, ನೋಡಿದವರು ಒತ್ತಲು ಹೆದರುತ್ತಾರೆ. ಫೋಟೋದ ಆಲ್ಟ್ ಬರಹವನ್ನು ಕನ್ನಡದಲ್ಲೇ ತುಂಬಿ. ಕಣ್ಣು ಕಾಣದವರಿಗೆ ಫೋನು ಅದನ್ನೇ ಓದಿ ಹೇಳುವುದು.

ಮೊಬೈಲಿನಲ್ಲಿ ನಿಧಾನ ಎಂದಿರಲ್ಲ, ಅದರಲ್ಲಿ ಥೀಮಿನ ತಪ್ಪು ಕಡಿಮೆ. ನೀವು ಕ್ಯಾಮೆರಾದ ಫೋಟೋವನ್ನು ಹಾಗೇ ಹಾಕಿದ್ದೀರಿ. 24 ಮೆಗಾಪಿಕ್ಸೆಲ್ ಎಂದರೆ 6000 ಗುಣಿಸು 4000. ಒಂದೊಂದು ಫೈಲ್ 10 ಎಂಬಿ ಎಂದುಕೊಂಡರೂ 40 ಫೋಟೋದ ಮದುವೆ ಆಲ್ಬಂ 400 ಎಂಬಿ. ವರ್ಡ್‌ಪ್ರೆಸ್ 2560 ಪಿಕ್ಸೆಲ್‌ಗಿಂತ ದೊಡ್ಡದನ್ನು ತಾನೇ ಕುಗ್ಗಿಸಿ ಬಳಸುತ್ತದೆ ನಿಜ, ಆದರೆ ಮೂಲ ಫೈಲ್ ಸರ್ವರಿನಲ್ಲೇ ಕೂತಿರುತ್ತದೆ, ಕೆಲವೇ ತಿಂಗಳಲ್ಲಿ ನಿಮ್ಮ ಹೋಸ್ಟಿಂಗ್ ಜಾಗ ತುಂಬುತ್ತದೆ. ಫೋಟೋ ತಿದ್ದುವ ಲೈಟ್‌ರೂಮಿನಿಂದ ಎಕ್ಸ್‌ಪೋರ್ಟ್ ಮಾಡುವಾಗಲೇ ಉದ್ದದ ಬದಿ 2048 ಪಿಕ್ಸೆಲ್, ಕ್ವಾಲಿಟಿ 75ರಿಂದ 80, ಬಣ್ಣ ಎಸ್‌ಆರ್‌ಜಿಬಿ (ವೆಬ್ಬಿಗೆ ಹೊಂದುವ ಬಣ್ಣದ ಲೆಕ್ಕ) ಎಂದು ಒಂದು ಪ್ರೀಸೆಟ್ ಮಾಡಿಟ್ಟುಕೊಳ್ಳಿ. ಅಡೋಬ್ ಆರ್‌ಜಿಬಿಯಲ್ಲಿ ಹಾಕಿದರೆ ಕೆಲವು ಪರದೆಗಳಲ್ಲಿ ಅರಿಶಿನ, ಕುಂಕುಮ ಎಲ್ಲ ಬಾಡಿದ ಹಾಗೆ ಕಾಣುತ್ತದೆ. ಈ ಲೆಕ್ಕದಲ್ಲಿ ಹೆಚ್ಚಿನ ಫೋಟೋಗಳು ಅರ್ಧ ಎಂಬಿ ಆಚೀಚೆ ನಿಲ್ಲುತ್ತವೆ. ಬೇಕಿದ್ದರೆ ವೆಬ್‌ಪಿ ಎಂಬ ಹಗುರ ಫೈಲ್ ಮಾದರಿಗೆ ಬದಲಿಸಿ ಇನ್ನೂ ಇಳಿಸಬಹುದು, ವರ್ಡ್‌ಪ್ರೆಸ್ 2021ರಿಂದಲೇ ಅದನ್ನು ಸ್ವೀಕರಿಸುತ್ತದೆ.

ಮನೆಪುಟದ ಸ್ಲೈಡರ್ ತೆಗೆದುಬಿಡಿ. ಐದು ದೊಡ್ಡ ಫೋಟೋ ಓಡುತ್ತಿದೆ, ಎರಡನೆಯದು ಬರುವಷ್ಟರಲ್ಲಿ ಜನ ಕೆಳಗೆ ಇಳಿದಿರುತ್ತಾರೆ. ಒಂದೇ ಫೋಟೋ ಇಡಿ, ನಿಮ್ಮ ಅತಿ ಇಷ್ಟದ್ದು. ಕೆಳಗೆ ನಾಲ್ಕು ವರ್ಗ, ಅದರ ಕೆಳಗೆ ನಿಮ್ಮ ಹೆಸರು, ಊರು, ವಾಟ್ಸಾಪ್ ಬಟನ್. ನಮ್ಮ ಕಡೆ ಮದುವೆ ಫೋಟೋ ಕೇಳುವವರು ಯಾರೂ ಫಾರ್ಮ್ ತುಂಬುವುದಿಲ್ಲ, ವಾಟ್ಸಾಪಿನಲ್ಲೇ ಕೇಳುತ್ತಾರೆ. ಆಮೇಲೆ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟಿನ ವಿಳಾಸ ಹಾಕಿ ಮೊಬೈಲ್ ಫಲಿತಾಂಶ ನೋಡಿ. ಪುಟದ ದೊಡ್ಡ ಚಿತ್ರ ಕಾಣಿಸಿಕೊಳ್ಳಲು 2.5 ಸೆಕೆಂಡಿನೊಳಗೆ ಎಂದು ಬಂದರೆ ಒಳ್ಳೆಯದು ಎಂದರ್ಥ. ಅದಕ್ಕಿಂತ ಮುಖ್ಯವಾಗಿ ಮನೆಯ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ತೋಟದ ಕಡೆಗೆ ನಡೆದು ಹೋಗಿ ಒಮ್ಮೆ ತೆರೆದು ನೋಡಿ.

ಇಷ್ಟರ ಜೊತೆ ಒಂದು ಕಾಳಜಿಯ ಮಾತು. ಫೋನಿನಲ್ಲಿ ತೆಗೆದ ಫೋಟೋದೊಳಗೆ ಜಾಗದ ಗುರುತು ಸೇರಿರುವುದುಂಟು, ಕೆಲವು ಕ್ಯಾಮೆರಾಗಳಲ್ಲೂ ಉಂಟು. ಮದುಮಗಳ ಮನೆ ಎಲ್ಲಿ ಎಂದು ಫೋಟೋ ಡೌನ್‌ಲೋಡ್ ಮಾಡಿದವರಿಗೆಲ್ಲ ಗೊತ್ತಾಗಬೇಕಾಗಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಲೊಕೇಶನ್ ತೆಗೆಯುವ ಟಿಕ್ ಹಾಕಿ. ಮದುವೆಯವರಿಂದ ಒಪ್ಪಿಗೆಯನ್ನು ಒಂದು ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ. ತರವಾಡಿನ (ಕುಟುಂಬದ ಮೂಲಮನೆಯ) ಕಳಿಯಾಟದ ಫೋಟೋ ಹಾಕುವ ಮೊದಲು ಮನೆಯ ಹಿರಿಯರನ್ನೂ, ಸಾಧ್ಯವಾದರೆ ಕೋಲಧಾರಿಯನ್ನೂ ಕೇಳಿ. ಮುಖಕ್ಕೆ ಬರೆಯುವಾಗಿನ, ಅಣಿಯಾಗುವಾಗಿನ ಫೋಟೋಗಳ ಬಗ್ಗೆ ಒಬ್ಬೊಬ್ಬರ ಅಭಿಪ್ರಾಯ ಒಂದೊಂದು. ಬೇಡ ಎಂದರೆ ಬೇಡ.

ಇನ್ನು ಥೀಮನ್ನು ತಿದ್ದುವ ಬಗ್ಗೆ. ಬ್ಲಾಕ್ ಥೀಮಿನಲ್ಲಿ ಎಡಿಟರಿನಿಂದ ಮಾಡಿದ ಬದಲಾವಣೆಗಳು ಡೇಟಾಬೇಸಿನಲ್ಲಿ ಉಳಿಯುತ್ತವೆ, ಥೀಮ್ ಅಪ್‌ಡೇಟ್ ಆದರೂ ಹೋಗುವುದಿಲ್ಲ. ಸಣ್ಣಪುಟ್ಟ ಸಿಎಸ್‌ಎಸ್ (ರೂಪ ತಿದ್ದುವ ಕೋಡ್) ಬೇಕಾದರೆ ಸ್ಟೈಲ್ಸ್ ಒಳಗಿನ ಅಡಿಷನಲ್ ಸಿಎಸ್‌ಎಸ್‌ನಲ್ಲೇ ಹಾಕಿ. ಥೀಮಿನ ಫೈಲನ್ನೇ ತೆರೆದು ಬದಲಿಸಬೇಡಿ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಹಲವು ವರ್ಷದ ಹಿಂದೆ ಒಬ್ಬರ ಸೈಟಿಗೆ ಎರಡು ದಿನ ಕೂತು ಥೀಮಿನ ಫೈಲುಗಳನ್ನೇ ತಿದ್ದಿ ತಲೆಬರಹ, ಗ್ಯಾಲರಿ ಎಲ್ಲ ಸರಿ ಮಾಡಿದ್ದೆ. ಅವರು ಒಂದು ಬೆಳಿಗ್ಗೆ ಅಪ್‌ಡೇಟ್ ಒತ್ತಿದರು. ಹೊಸ ಫೈಲುಗಳು ಹಳೆಯದರ ಮೇಲೆ ಕೂತವು, ನಾನು ಮಾಡಿದ್ದರಲ್ಲಿ ಒಂದು ಗೆರೆಯೂ ಉಳಿಯಲಿಲ್ಲ, ಪ್ರತಿ ಇಟ್ಟುಕೊಂಡಿರಲಿಲ್ಲ. ಅವರ ಮುಂದೆ ತಲೆ ಎತ್ತಿ ಮಾತಾಡಲು ಕಷ್ಟವಾಯಿತು. ಫೈಲನ್ನೇ ಮುಟ್ಟಬೇಕಾದ ಕೆಲಸವಿದ್ದರೆ ಚೈಲ್ಡ್ ಥೀಮ್ ಮಾಡಿ. ಅದು ಒಂದು ಬೇರೆ ಫೋಲ್ಡರ್, ಅದರ ಸ್ಟೈಲ್ ಫೈಲಿನ ತಲೆಯಲ್ಲಿ ಮೂಲ ಥೀಮಿನ ಫೋಲ್ಡರಿನ ಹೆಸರು ಹೇಳಿದರೆ ಉಳಿದೆಲ್ಲ ಅಲ್ಲಿಂದ ಬರುತ್ತದೆ, ನಿಮ್ಮ ಬದಲಾವಣೆ ಮಾತ್ರ ಇಲ್ಲಿ ಉಳಿಯುತ್ತದೆ. ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಫ್ರೀ ಪ್ಲಗಿನ್ ಹಾಕಿ ವಾರಕ್ಕೊಮ್ಮೆ ಬ್ಯಾಕಪ್ ಗೂಗಲ್ ಡ್ರೈವಿಗೆ ಹೋಗುವ ಹಾಗೆ ಮಾಡಿ.

ಕೊನೆಗೆ ಅಡಿಬರಹದ ಹೆಸರಿನ ಪ್ರಶ್ನೆ. ವರ್ಡ್‌ಪ್ರೆಸ್ ಡೈರೆಕ್ಟರಿಯ ಥೀಮುಗಳೆಲ್ಲ ಜಿಪಿಎಲ್ ಲೈಸೆನ್ಸಿನವು ಅಥವಾ ಅದಕ್ಕೆ ಹೊಂದುವಂಥವು. ಬಳಸಬಹುದು, ತಿದ್ದಬಹುದು, ಹಾಗಾಗಿ ಪುಟದ ಕೆಳಗಿನ ಆ ಸಾಲನ್ನು ತೆಗೆದರೆ ತಪ್ಪಾಗುವುದಿಲ್ಲ. ಟ್ವೆಂಟಿ ಟ್ವೆಂಟಿ-ಫೈವ್‌ನಲ್ಲಿ ಎಡಿಟರ್ ತೆರೆದು, ಫೂಟರಿನ ಆ ಸಾಲನ್ನು ಆರಿಸಿ ಅಳಿಸಿದರೆ ಆಯಿತು. ಅಲ್ಲಿ ನಿಮ್ಮ ಸ್ಟುಡಿಯೋ ಹೆಸರು, ಫೋಟೋಗಳ ಹಕ್ಕು ನಿಮ್ಮದು ಎಂಬ ಒಂದು ಸಾಲು ಬರೆಯಿರಿ. ಕಳಿಯಾಟದ ಪ್ರತಿ ಆಲ್ಬಮಿನ ಕೆಳಗೆ, ಅವರು ಒಪ್ಪಿದರೆ, ಕೋಲಧಾರಿಯ ಹೆಸರನ್ನೂ ಹಾಕಿ. ಅದಕ್ಕೆ ಯಾವ ಥೀಮಿನಲ್ಲೂ ಜಾಗ ಮಾಡಿಟ್ಟಿರುವುದಿಲ್ಲ, ನೀವೇ ಟೆಂಪ್ಲೇಟಿನಲ್ಲಿ ಒಂದು ಸಾಲು ಸೇರಿಸಬೇಕು.